ಕೋರಾ ಯಾರನ್ನು ಕುರಿತು ನುಡಿಯುತ್ತದೆ?

ಪ್ರಶ್ನೆ: ಮಾನ್ಯರೇ, ನಾನು ಹದಿನೆಂಟು ವರ್ಷಗಳಿಂದ ವೀಣೆ ನುಡಿಸುತ್ತಿದ್ದೇನೆ. ಮೊನ್ನೆ ರಾತ್ರಿ ಮಾಲಿ ದೇಶದ ತುಮಾನಿ ದಿಯಾಬಾತೆಯವರ ಕೋರಾ ಎಂಬ ತಂತಿವಾದ್ಯದ ಧ್ವನಿಮುದ್ರಿಕೆಯೊಂದನ್ನು ಆಕಸ್ಮಿಕವಾಗಿ ಕೇಳಿದೆ. ಅದರಲ್ಲಿ ಸ್ವರವನ್ನು ತೂಗಿ ಜಾರಿಸುವ ಗಮಕವಿಲ್ಲ, ನಮ್ಮ ಅರ್ಥದ ಆಲಾಪನೆಯಿಲ್ಲ, ಹಾಡೂ ಇಲ್ಲ. ಆದರೂ ಕೇಳುತ್ತ ಕೇಳುತ್ತ ಕಣ್ಣು ಒದ್ದೆಯಾಯಿತು. ಇದು ಶೋಕದ ಸಂಗೀತವೇ? ಭಾಷೆಯಾಗಲಿ ಹಿನ್ನೆಲೆಯಾಗಲಿ ತಿಳಿಯದ ನನ್ನಂಥವಳನ್ನು ಅದು ಹೀಗೆ ಕಲಕಲು ಕಾರಣವೇನು? ಇದನ್ನು ಸರಿಯಾಗಿ ಕೇಳುವ ಬಗೆ ಯಾವುದು?

ಉತ್ತರ: ನಿಮ್ಮ ಮೊದಲ ಸಂಶಯಕ್ಕೆ ಮೊದಲೇ ಉತ್ತರಿಸಿಬಿಡುತ್ತೇನೆ. ಕೋರಾ ಶೋಕದ ವಾದ್ಯವಲ್ಲ. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾ, ಸೆನೆಗಲ್‌ನ ದಕ್ಷಿಣಕ್ಕಿರುವ ಕಾಸಮಾನ್ಸ್, ಗಿನಿ-ಬಿಸ್ಸಾವ್, ಗಿನಿ ಮತ್ತು ಮಾಲಿಯಲ್ಲಿ ಹರಡಿಕೊಂಡಿರುವ ಮಾಂಡೆ ಜನರಲ್ಲಿ ಅದು ಮದುವೆಯ ಮನೆಯಲ್ಲಿ, ಮಗುವಿಗೆ ಹೆಸರಿಡುವ ದಿನ, ಊರಿನ ಹಿರಿಯರ ಮುಂದೆ, ಹಬ್ಬದಲ್ಲಿ ನುಡಿಯುವ ವಾದ್ಯ. ಆದರೂ ನಿಮ್ಮ ಕಣ್ಣು ಒದ್ದೆಯಾದದ್ದು ತಪ್ಪು ತಿಳಿವಳಿಕೆಯಿಂದಲ್ಲ. ಆ ವಾದ್ಯ ಹುಟ್ಟಿ ಬೆಳೆದದ್ದೇ ಎದುರಿಗೆ ಕುಳಿತ ಒಬ್ಬ ಮನುಷ್ಯನನ್ನು ಕುರಿತು ಮಾತನಾಡುವುದಕ್ಕೆ, ಅವನ ಹಿರಿಯರನ್ನು ಹೆಸರು ಹಿಡಿದು ಕರೆಯುವುದಕ್ಕೆ. ಮಾತನ್ನು ತೆಗೆದುಹಾಕಿ ತಂತಿಗಳನ್ನಷ್ಟೇ ಉಳಿಸಿದಾಗಲೂ ಆ ಕರೆಯುವ ಧಾಟಿ ಅದರಿಂದ ಹೋಗುವುದಿಲ್ಲ. ನೀವು ಅರ್ಥವಾಗದ ಭಾಷೆಯಲ್ಲಿ ಯಾರೋ ನಿಮ್ಮನ್ನೇ ಉದ್ದೇಶಿಸಿ ಹೇಳುತ್ತಿರುವುದನ್ನು ಕೇಳಿಸಿಕೊಂಡಿರಿ ಎಂದು ನನಗೆ ತೋರುತ್ತದೆ. ಅದು ಹೇಗೆ ಸಾಧ್ಯವಾಗುತ್ತದೆ ಎಂಬುದನ್ನು ವಾದ್ಯದಿಂದಲೇ ಆರಂಭಿಸಿ ವಿವರಿಸುತ್ತೇನೆ.

ದೊಡ್ಡ ಸೋರೆಬುರುಡೆಯೊಂದನ್ನು ಎರಡಾಗಿ ಸೀಳಿ, ಅರ್ಧಕ್ಕೆ ಹಸುವಿನ ತೊಗಲನ್ನು ಬಿಗಿದು, ಅಂಚಿನ ಸುತ್ತಲೂ ಮೊಳೆ ಹೊಡೆದಿರುತ್ತಾರೆ. ನಮ್ಮ ತತ್ವಪದದವರ ಏಕತಾರಿಗೆ ಬಳಸುವ ಅದೇ ಸೋರೆ. ಬುರುಡೆಯನ್ನು ಹಾಯ್ದು ಗಟ್ಟಿಮರದ ಉದ್ದನೆಯ ದಂಡಿ ನೆಟ್ಟಗೆ ಮೇಲಕ್ಕೆ ನಿಲ್ಲುತ್ತದೆ. ಅದರ ಎರಡೂ ಬದಿಗೆ ಕೈಹಿಡಿಗಾಗಿ ಎರಡು ಗಿಡ್ಡ ಕೋಲುಗಳು. ತೊಗಲಿನ ನಡುವೆ ತಂತಿಗಳನ್ನು ಎತ್ತಿ ಹಿಡಿಯುವ ಎತ್ತರವಾದ ಕುದುರೆ ನಿಂತಿರುತ್ತದೆ. ನಮ್ಮ ವೀಣೆಯ ಕುದುರೆಯ ಮೇಲೆ ತಂತಿಗಳು ಒಂದೇ ಸಮತಲದಲ್ಲಿ ಹಾಯುತ್ತವೆ. ಕೋರಾದ ಕುದುರೆಗೆ ಎರಡೂ ಪಕ್ಕೆಗಳಲ್ಲಿ ಕಚ್ಚುಗಳನ್ನು ಕೊರೆದಿರುತ್ತಾರೆ. ಇಪ್ಪತ್ತೊಂದು ತಂತಿಗಳಲ್ಲಿ ಹನ್ನೊಂದು ಎಡಗಡೆಗೆ, ಹತ್ತು ಬಲಗಡೆಗೆ, ಎರಡು ಸಾಲಾಗಿ ಒಂದರ ಮೇಲೊಂದು ಹಾಯುತ್ತವೆ. ಹಿಂದೆ ಜಿಂಕೆಯ ಜಾತಿಯ ಕಾಡುಪ್ರಾಣಿಗಳ ತೊಗಲನ್ನು ಸೀಳಿ ಹೊಸೆದು ತಂತಿ ಮಾಡುತ್ತಿದ್ದರು; ಈಗ ಮೀನು ಹಿಡಿಯುವ ನೈಲಾನ್ ದಾರವೇ ಎಲ್ಲೆಡೆ ಬಳಕೆಯಲ್ಲಿದೆ. ಕಾಸಮಾನ್ಸ್‌ನ ಕೆಲವರು ಇಪ್ಪತ್ತೆರಡನೆಯ ತಂತಿಯನ್ನೂ ಕಟ್ಟುತ್ತಾರೆ.

ವಾದಕ ಎರಡೂ ಕೈಗಳ ಮೂರು ಮೂರು ಬೆರಳುಗಳಿಂದ ಆ ಗಿಡ್ಡ ಕೋಲುಗಳನ್ನು ಹಿಡಿದುಕೊಳ್ಳುತ್ತಾನೆ. ನುಡಿಸಲು ಉಳಿಯುವುದು ಎರಡು ಹೆಬ್ಬೆರಳು, ಎರಡು ತೋರುಬೆರಳು, ಅಷ್ಟೇ. ನೀವು ಕೇಳಿದ್ದೆಲ್ಲವೂ ಆ ನಾಲ್ಕು ಬೆರಳುಗಳ ಕೆಲಸ. ಇನ್ನೊಂದು ವಿಷಯವನ್ನು ಗಮನಿಸಬೇಕು. ವೀಣೆಯಾಗಲಿ ಸಿತಾರಾಗಲಿ ಗಿಟಾರಾಗಲಿ ತನ್ನ ಮುಖವನ್ನು ಕೇಳುಗರ ಕಡೆಗೋ ಆಕಾಶದ ಕಡೆಗೋ ಇಟ್ಟುಕೊಂಡಿರುತ್ತದೆ. ಕೋರಾದ ಮುಖ ವಾದಕನ ಕಡೆಗಿರುತ್ತದೆ. ಸಭೆಗೆ ಕಾಣುವುದು ಬುರುಡೆಯ ದುಂಡು ಬೆನ್ನು. ನಾದ ಹೊರಬರುವ ತೂತು ಒಂದು ಪಕ್ಕದಲ್ಲಿರುತ್ತದೆ, ಕೇಳುಗರು ಕೊಟ್ಟ ಹಣವನ್ನು ಅದರೊಳಗೇ ಹಾಕಿಟ್ಟುಕೊಳ್ಳುವ ರೂಢಿಯೂ ಉಂಟು. ಎದೆಗೆ ಎದುರಾಗಿ ನಿಂತ ಈ ವಾದ್ಯವನ್ನು ನುಡಿಸುವವನು ಅದರೊಡನೆ ಮುಖಾಮುಖಿ ಮಾತಿಗೆ ಕುಳಿತಂತೆ ಕಾಣುತ್ತಾನೆ.

ವೀಣೆಯ ಅಭ್ಯಾಸವಿರುವ ನನ್ನ ಕೈಗೆ ಒಮ್ಮೆ ಕೋರಾ ಸಿಕ್ಕಿತ್ತು. ಗಾತ್ರ ನೋಡಿ ಭಾರವಿದ್ದೀತೆಂದು ಕೈಯೊಡ್ಡಿದರೆ ಅದು ಹಗುರವಾಗಿತ್ತು. ಕುಳಿತೊಡನೆ ನನ್ನ ಎಡಗೈ ತಾನಾಗಿ ವೀಣೆಯ ದಂಡಿಯ ಮೇಲೆ ತಂತಿಯನ್ನು ಒತ್ತುವ ಮೆಟ್ಟಿಲನ್ನು ಹುಡುಕಿತು. ಅಲ್ಲಿ ಮೆಟ್ಟಿಲಿರಲಿಲ್ಲ, ಎಳೆಯಲು ಎಡೆಯೂ ಇರಲಿಲ್ಲ. ಒಂದು ತಂತಿಗೆ ಒಂದೇ ಸ್ವರ. ಒಮ್ಮೆ ಮೀಟಿದ ಮೇಲೆ ಆ ಸ್ವರದ ಮೇಲೆ ವಾದಕನಿಗೆ ಹಕ್ಕಿಲ್ಲ, ಅದು ತನ್ನಷ್ಟಕ್ಕೆ ನುಡಿದು ತನ್ನಷ್ಟಕ್ಕೆ ಆರುತ್ತದೆ. ನಮ್ಮಲ್ಲಿ ಗಾಂಧಾರವನ್ನು ಎಷ್ಟು ಹೊತ್ತು ತೂಗಬೇಕು, ಎಲ್ಲಿಂದ ಜಾರಿಸಿ ಎಲ್ಲಿ ನಿಲ್ಲಿಸಬೇಕು ಎಂಬುದರಲ್ಲಿಯೇ ರಾಗದ ಜೀವವಿರುವುದರಿಂದ, ಗಮಕವಿಲ್ಲದ ಸಂಗೀತ ನಮ್ಮ ಕಿವಿಗೆ ಮೊದಲು ಬರಿದೆನಿಸುವುದು ಸಹಜ. ನಿಮಗೆ ಹಾಗೆನಿಸದಿದ್ದುದೇ ನಿಮ್ಮ ಕಿವಿಯ ಒಳ್ಳೆಯತನ.

ಗಮಕ ಮಾಡುವ ಕೆಲಸವನ್ನು ಕೋರಾದಲ್ಲಿ ಬೇರೊಂದು ಮಾಡುತ್ತದೆ. ಅದು ನಾದಗಳ ಹೆಣೆಯುವಿಕೆ. ತಂತಿಗಳ ಜೋಡಣೆಯಲ್ಲಿ ಕೆಳಗಿನ ಮಂದ್ರದ ನಾಲ್ಕು ಸ್ವರಗಳನ್ನು ಬಿಟ್ಟರೆ, ಮೇಲೇರುವ ಸ್ವರಗಳು ಹೆಚ್ಚುಕಡಿಮೆ ಎಡಕ್ಕೊಂದು ಬಲಕ್ಕೊಂದು ಹಂಚಿಹೋಗಿವೆ. ಸರಿಗಮ ಎಂಬ ಸರಳ ಆರೋಹಣವನ್ನು ನುಡಿಸಬೇಕಾದರೂ ಎರಡು ಕೈಗಳು ಒಂದಾದ ಮೇಲೊಂದು ಹೆಜ್ಜೆಯಿಡಬೇಕು. ಹೀಗೆ ಮೀಟುವಾಗ ಹಿಂದಿನ ತಂತಿ ಇನ್ನೂ ನುಡಿಯುತ್ತಿರುವಾಗಲೇ ಮುಂದಿನದು ಹುಟ್ಟುತ್ತದೆ. ಎರಡೂ ಒಂದಕ್ಕೊಂದು ತಾಗಿ ತೊಗಲಿನ ಮೇಲೆ ಕೂಡಿ ಕರಗುತ್ತವೆ. ಮೂರು ಸ್ಥಾಯಿಗೂ ಸ್ವಲ್ಪ ಹೆಚ್ಚಿನ ಈ ಹರಹಿನಲ್ಲಿ ಯಾವ ಕ್ಷಣದಲ್ಲೂ ನಾಲ್ಕೈದು ಸ್ವರಗಳು ಬೇರೆ ಬೇರೆ ವಯಸ್ಸಿನಲ್ಲಿರುತ್ತವೆ: ಒಂದು ಆಗ ತಾನೇ ಹುಟ್ಟಿದ್ದು, ಒಂದು ತುಂಬು ದನಿಯಲ್ಲಿರುವುದು, ಮತ್ತೊಂದು ಆರುತ್ತಿರುವುದು. ಕೋರಾ ಕೇಳುವಾಗ ಮನಸ್ಸಿಗೆ ಬರುವ ಆ ಕಳೆದುಹೋದದ್ದರ ನೆನಪಿನಂಥ ಭಾವಕ್ಕೆ ಇದೊಂದು ಸ್ಪಷ್ಟ ಕಾರಣವೆಂದು ನಾನು ನಂಬಿದ್ದೇನೆ.

ಎರಡನೆಯ ಕಾರಣ ರಚನೆಯಲ್ಲಿದೆ. ಮಾಂಡೆ ಜನರಲ್ಲೇ ಒಂದು ಗುಂಪಾದ ಮಾಂಡಿಂಕಾ ವಾದಕರು ತಮ್ಮ ಕಲೆಯನ್ನು ವಿವರಿಸುವಾಗ ಎರಡು ಮಾತುಗಳನ್ನು ಸದಾ ಬಳಸುತ್ತಾರೆ, ಕುಂಬೆಂಗೊ ಮತ್ತು ಬಿರಿಮಿಂಟಿಂಗೊ. ಕುಂಬೆಂಗೊ ಎಂದರೆ ಮತ್ತೆ ಮತ್ತೆ ಬರುವ ಆಧಾರದ ಎಳೆ. ಹೆಬ್ಬೆರಳುಗಳು ಮಂದ್ರದಲ್ಲಿ ನಡೆಸುವ ನಡಿಗೆಯೂ ತೋರುಬೆರಳುಗಳು ಮೇಲೆ ತುಂಬುವ ಸ್ವರಗಳೂ ಸೇರಿ ಒಂದು ಸಣ್ಣ ಆವರ್ತವಾಗುತ್ತದೆ. ಪ್ರತಿಯೊಂದು ಕೃತಿಯ ಗುರುತು ಅದರ ಕುಂಬೆಂಗೊ. ಬಿರಿಮಿಂಟಿಂಗೊ ಎಂದರೆ ಆ ಆವರ್ತವನ್ನು ಒಡೆದು ಮೇಲಿನಿಂದ ಕೆಳಗೆ ಜಲಧಾರೆಯಂತೆ ಇಳಿಯುವ ವೇಗದ ಓಟ. ಒಳ್ಳೆಯ ವಾದಕ ಓಟಕ್ಕೆ ಹೊರಟಾಗ ಕುಂಬೆಂಗೊ ನಿಂತುಹೋಯಿತೆಂದು ಅನಿಸುತ್ತದೆ, ಆದರೆ ಅದು ಕೇಳುವವರ ಒಳಗೆ ನಡೆದೇ ಇರುತ್ತದೆ. ಓಟ ಮುಗಿದು ಹೆಬ್ಬೆರಳು ಸರಿಯಾಗಿ ಆ ಮಂದ್ರದ ಸ್ವರದ ಮೇಲೆ ಬಂದು ಕುಳಿತಾಗ, ಮನೆ ಬಿಟ್ಟು ಹೋದವರು ಬಾಗಿಲಿಗೆ ಬಂದು ನಿಂತ ಹಾಗೆ ಆಗುತ್ತದೆ. ನಮ್ಮ ಮೃದಂಗದ ತನಿ ಆವರ್ತನದ ಕೊನೆಯಲ್ಲಿ ಹಾಡು ಎತ್ತುವ ಜಾಗವಾದ ಎಡುಪ್ಪಿಗೆ ಬಂದು ಸೇರುವ ಸುಖ ಇದಕ್ಕೆ ಹತ್ತಿರವಾದದ್ದು, ಆದರೆ ಇಲ್ಲಿ ಹೋಗುವವರೂ ಕಾಯುವವರೂ ಒಂದೇ ಕೈಯಲ್ಲಿದ್ದಾರೆ.

ಲಯದಲ್ಲಿಯೂ ಇಂಥದೇ ಒಳಜಗ್ಗಾಟವಿದೆ. ಒಂದು ಹೆಬ್ಬೆರಳು ಮೂರರ ನಡೆಯಲ್ಲಿದ್ದಾಗ ಮೇಲಿನ ಎಳೆಯನ್ನು ಎರಡರ ನಡೆಯಲ್ಲಿ ಎಣಿಸಬಹುದು. ತಾಳ ಹಾಕಿಕೊಂಡು ಕೇಳುವ ಅಭ್ಯಾಸವಿರುವ ನೀವು ಒಮ್ಮೆ ತಿಶ್ರದಲ್ಲಿ, ಇನ್ನೊಮ್ಮೆ ಚತುರಶ್ರದಲ್ಲಿ ಎಣಿಸಿ ನೋಡಿ. ಎರಡೂ ಕೂಡಿಬರುತ್ತವೆ, ಹಾಗೂ ಎಣಿಕೆ ಬದಲಾದೊಡನೆ ಅದೇ ಸಂಗೀತದ ಮುಖ ಬದಲಾಗುತ್ತದೆ. ಮನೆಯಂಗಳದ ವಾದನದಲ್ಲಿ ಇನ್ನೊಬ್ಬರು ಪಕ್ಕದಲ್ಲಿ ಕುಳಿತು ಬುರುಡೆಯ ಬೆನ್ನಿನ ಮೇಲೋ ಹಿಡಿಕೋಲಿನ ಮೇಲೋ ಒಂದೇ ಸಮನೆ ತಟ್ಟುತ್ತಿರುವುದುಂಟು. ಆ ತಟ್ಟುವಿಕೆಯನ್ನು ಹಿಡಿದುಕೊಂಡರೆ ಉಳಿದ ಎಳೆಗಳು ಬಿಡಿಬಿಡಿಯಾಗಿ ಕೇಳಿಸತೊಡಗುತ್ತವೆ.

ಶ್ರುತಿಯ ವಿಷಯವನ್ನು ವೀಣೆಯವರಾದ ನಿಮಗೆ ಹೇಳದೆ ಮುಂದೆ ಹೋಗಲಾರೆ. ಸಾಂಪ್ರದಾಯಿಕ ಕೋರಾದಲ್ಲಿ ತಂತಿಯನ್ನು ತಿರುಗಿಸಿ ಬಿಗಿಯುವ ಬಿರಡೆಗಳಿರುವುದಿಲ್ಲ. ದಂಡಿಯ ಸುತ್ತ ಹೆಣೆದ ತೊಗಲಿನ ಬಳೆಗಳಿಗೆ ತಂತಿಗಳನ್ನು ಕಟ್ಟಿರುತ್ತಾರೆ, ಅವಕ್ಕೆ ಕೊನ್ಸೊ ಎಂದು ಹೆಸರು. ಶ್ರುತಿ ಏರಿಸಬೇಕಾದರೆ ಬಳೆಯನ್ನು ಎರಡು ಕೈಯಿಂದ ಬಿಗಿಯಾಗಿ ಹಿಡಿದು, ತಿರುಚುತ್ತ ತಿರುಚುತ್ತ ದಂಡಿಯ ಮೇಲಕ್ಕೆ ಕೂದಲೆಳೆಯಷ್ಟು ಸರಿಸಬೇಕು. ತೊಗಲು ಮರಕ್ಕೆ ಕಚ್ಚಿಕೊಂಡಿರುತ್ತದೆ; ಸರಿದರೆ ಒಮ್ಮೆಲೇ ಹೆಚ್ಚಾಗಿ ಸರಿಯುತ್ತದೆ, ಮತ್ತೆ ಇಳಿಸಬೇಕು. ಇಪ್ಪತ್ತೊಂದು ಬಳೆಗಳಿಗೆ ಹೀಗೆ ಮಾಡುವುದು ಬೆರಳ ಚರ್ಮ ಕೆಂಪಾಗುವ ಕೆಲಸ. ಅದಕ್ಕಾಗಿಯೇ ಇಂದು ಅನೇಕರು ಗಿಟಾರಿನಂಥ ಲೋಹದ ಬಿರಡೆಗಳನ್ನು ಕೂರಿಸಿಕೊಂಡಿದ್ದಾರೆ. ಸೆನೆಗಲ್‌ನ ಕರ್ ಮೂಸಾ ಎಂಬಲ್ಲಿಯ ಕ್ರೈಸ್ತ ಮಠದ ಸನ್ಯಾಸಿಗಳು ತಮ್ಮ ಪ್ರಾರ್ಥನಾಗೀತೆಗಳಿಗೆ ಕೋರಾವನ್ನು ಅಳವಡಿಸಿಕೊಂಡಾಗ ಈ ಸುಧಾರಣೆಗೆ ದೊಡ್ಡ ಒತ್ತು ಸಿಕ್ಕಿತು. ಅನುಕೂಲ ನಿಜ, ಆದರೂ ಬಳೆಗಳನ್ನು ತಿರುಚುವ ಆ ಹೊತ್ತಿನಲ್ಲಿ ವಾದಕ ತನ್ನ ವಾದ್ಯದ ಒಂದೊಂದು ತಂತಿಯನ್ನೂ ವಿಚಾರಿಸಿಕೊಳ್ಳುತ್ತಿದ್ದನಲ್ಲ, ಅದು ಹೋಯಿತೇನೋ ಎಂಬ ಸಣ್ಣ ಬೇಸರ ನನಗಿದೆ.

ಮುಖ್ಯವಾದ ಶ್ರುತಿಜೋಡಣೆಗಳು ನಾಲ್ಕು: ಸಿಲಾಬಾ ಎಂದೂ ಕರೆಯುವ ತೊಮೊರಾಬಾ, ತೊಮೊರಾ ಮೆಸೆಂಗೊ, ಹಾರ್ದಿನೊ ಮತ್ತು ಸೌತಾ. ಸೌತಾದಲ್ಲಿ ಮಧ್ಯಮ ಏರಿರುವುದರಿಂದ ನಿಮ್ಮ ಕಿವಿ ತಕ್ಷಣ ಕಲ್ಯಾಣಿಯನ್ನು ನೆನೆಯುತ್ತದೆ. ಹಾರ್ದಿನೊ ಕೇಳಿದರೆ ಶಂಕರಾಭರಣದ ಹೋಲಿಕೆ ಕಾಣಬಹುದು. ಹೋಲಿಕೆಯನ್ನು ಅಲ್ಲಿಗೇ ಬಿಡುವುದು ಒಳ್ಳೆಯದು. ಇವು ರಾಗಗಳಲ್ಲ, ವಕ್ರವಿಲ್ಲ, ವರ್ಜ್ಯವಿಲ್ಲ, ಜೀವಸ್ವರದ ಕಟ್ಟುಪಾಡಿಲ್ಲ. ಮೇಲಾಗಿ ಹಳೆಯ ಮಾದರಿಯಲ್ಲಿ ಕಟ್ಟಿದ ಕೋರಾದಲ್ಲಿ ಕೆಲವು ಸ್ವರಸ್ಥಾನಗಳು ಹಾರ್ಮೋನಿಯಂ ಪೆಟ್ಟಿಗೆಯ ಎರಡು ಮನೆಗಳ ನಡುವೆ ಎಲ್ಲೋ ಬೀಳುತ್ತವೆ. ಅವು ಅಪಶ್ರುತಿಯಲ್ಲ. ವಾದಕ ಬೇಕೆಂದೇ ಅಲ್ಲಿ ಇಟ್ಟಿದ್ದಾನೆ. ಒಂದೇ ಶ್ರುತಿಜೋಡಣೆ ಊರಿಂದ ಊರಿಗೆ, ಕೈಯಿಂದ ಕೈಗೆ ಸ್ವಲ್ಪ ಬದಲಾಗುವುದೂ ಇದೆ. ಹಾಗೆಯೇ ಹಳೆಯ ಕೋರಾಗಳ ಕುದುರೆಯ ಮೇಲೆ ಅಂಚಿನಲ್ಲಿ ಸಣ್ಣ ಬಳೆಗಳನ್ನು ಪೋಣಿಸಿದ ಲೋಹದ ತಗಡೊಂದು ಇರುತ್ತಿತ್ತು. ತಂತಿ ಮೀಟಿದಾಗ ಅದು ಜಿರಜಿರನೆ ನಡುಗಿ ಪ್ರತಿ ಸ್ವರಕ್ಕೂ ಒಂದು ಝೇಂಕಾರವನ್ನು ಸೇರಿಸುತ್ತಿತ್ತು. ಝೇಂಕಾರಕ್ಕಾಗಿ ತಂಬೂರಿಯ ತಂತಿಯಡಿಗೆ ಇಡುವ ಜೀವಾಳದ ಎಳೆಯನ್ನು ಸರಿಪಡಿಸುತ್ತ ಕುಳಿತವರಿಗೆ ಅದರ ಬೆಲೆ ಗೊತ್ತು. ಧ್ವನಿಮುದ್ರಣದ ಕೋಣೆಗಳಲ್ಲಿ ಈ ತಗಡನ್ನು ತೆಗೆದುಬಿಡುವುದು ವಾಡಿಕೆಯಾದ್ದರಿಂದ, ಇಂದು ನಮಗೆ ಸಿಗುವ ಹೆಚ್ಚಿನ ಧ್ವನಿಮುದ್ರಿಕೆಗಳಲ್ಲಿ ಕೋರಾದ ದನಿ ಅಂಗಳದಲ್ಲಿ ಕೇಳುವುದಕ್ಕಿಂತ ಹೆಚ್ಚು ತಿಳಿಯಾಗಿದೆ, ಹೆಚ್ಚು ಮೃದುವಾಗಿದೆ. ಕೋರಾ ಎಂದರೆ ನಿದ್ದೆ ಬರಿಸುವ ಸಂಗೀತ, ಧ್ಯಾನದ ಹಿನ್ನೆಲೆಗೆ ಹಾಕುವ ಸಂಗೀತ ಎಂಬ ಭಾವನೆ ಹೊರಗಿನವರಲ್ಲಿ ಬೇರೂರಲು ಇದೂ ಒಂದು ಕಾರಣ. ಅದು ನನ್ನನ್ನು ನೋಯಿಸುತ್ತದೆ, ಏಕೆಂದರೆ ಕೋರಾ ಕೇಳುಗರನ್ನು ಎಚ್ಚರಿಸುವುದಕ್ಕಾಗಿ ಇರುವ ವಾದ್ಯ.

ಯಾರನ್ನು, ಯಾವುದಕ್ಕೆ ಎಚ್ಚರಿಸುತ್ತದೆ ಎಂಬುದನ್ನು ತಿಳಿಯಲು ಅದನ್ನು ನುಡಿಸುವವರನ್ನು ಅರಿಯಬೇಕು. ಮಾಂಡಿಂಕಾ ಭಾಷೆಯಲ್ಲಿ ಅವರನ್ನು ಜಾಲಿ ಎಂದೂ ಮಾಲಿಯ ಕಡೆ ಜೇಲಿ ಎಂದೂ ಕರೆಯುತ್ತಾರೆ. ಫ್ರೆಂಚರ ಮೂಲಕ ಬಂದ ಗ್ರಿಯೋ ಎಂಬ ಹೆಸರು ಹೊರಗೆ ಹೆಚ್ಚು ಪ್ರಚಾರದಲ್ಲಿದೆ. ಜಾಲಿತನ ಹುಟ್ಟಿನಿಂದ ಬರುತ್ತದೆ. ಕುಯಾತೆ, ದಿಯಾಬಾತೆ, ಸಿಸ್ಸೊಕೊ, ಸೂಸೊ ಎಂಬ ಮನೆತನದ ಹೆಸರು ಕೇಳಿದೊಡನೆ ಅಲ್ಲಿಯವರಿಗೆ ಆ ವ್ಯಕ್ತಿಯ ಕುಲವೃತ್ತಿ ತಿಳಿದುಹೋಗುತ್ತದೆ. ಗ್ಯಾಂಬಿಯಾದಲ್ಲಿ ದಿಯಾಬಾತೆ ಎಂಬುದೇ ಜೊಬಾರ್ತೆ ಆಗಿದೆ. ವಂಶಾವಳಿಯನ್ನು ನೆನಪಿಟ್ಟುಕೊಂಡು ಹೇಳುವುದು, ಹೊಗಳುವುದು, ಜಗಳವಾದಲ್ಲಿ ನಡುವೆ ನಿಂತು ಮಾತನಾಡುವುದು, ಇತಿಹಾಸವನ್ನು ಹಾಡುವುದು ಇವರ ಹೊಣೆ. ಉತ್ತರ ಕರ್ನಾಟಕದ ಹೆಳವರು ಮನೆಯ ಮುಂದೆ ನಿಂತು ಏಳು ತಲೆಮಾರಿನ ಹೆಸರು ಹೇಳುವುದನ್ನು ಕೇಳಿದವರಿಗೆ ಜಾಲಿಯ ಕೆಲಸ ಬೇಗ ಅರ್ಥವಾಗುತ್ತದೆ. ಎರಡಕ್ಕೂ ಚಾರಿತ್ರಿಕ ಸಂಬಂಧವೇನೂ ಇಲ್ಲ, ಮನುಷ್ಯರ ಒಂದೇ ಅಗತ್ಯಕ್ಕೆ ಎರಡು ನಾಡುಗಳು ಕಂಡುಕೊಂಡ ದಾರಿಗಳಿವು.

ಜಾಲಿ ಪರಂಪರೆ ಕೋರಾಕ್ಕಿಂತ ಬಹಳ ಹಳೆಯದು. ಹದಿಮೂರನೆಯ ಶತಮಾನದಲ್ಲಿ ಮಾಲಿ ಸಾಮ್ರಾಜ್ಯವನ್ನು ಕಟ್ಟಿದ ಸುಂಜಾತ ಕೇಯಿತನ ಕಥೆಯಲ್ಲಿಯೇ ಅವನ ಜಾಲಿ ಬಲ್ಲ ಫಾಸೆಕೆ ಕುಯಾತೆ ಮುಖ್ಯ ಪಾತ್ರ. 1352ರಲ್ಲಿ ಹೊರಟು ಮಾಲಿಯ ಆಸ್ಥಾನಕ್ಕೆ ಹೋದ ಪ್ರವಾಸಿ ಇಬ್ನ್ ಬತೂತ ಅಲ್ಲಿಯ ಆಸ್ಥಾನಗಾಯಕರ ಬಗ್ಗೆ, ಕೆಳಗೆ ಸಣ್ಣ ಬುರುಡೆಗಳನ್ನು ಕಟ್ಟಿದ ವಾದ್ಯದ ಬಗ್ಗೆ ಬರೆದಿದ್ದಾನೆ. ಅದು ಕೋರಾ ಅಲ್ಲ, ಮರದ ಪಟ್ಟಿಗಳನ್ನು ಬಡಿದು ನುಡಿಸುವ ಬಲಾಫೋನ್. ಕೋರಾದ ಮೊದಲ ಲಿಖಿತ ಉಲ್ಲೇಖ ಸ್ಕಾಟ್ಲೆಂಡಿನ ಪ್ರವಾಸಿ ಮಂಗೊ ಪಾರ್ಕ್ 1799ರಲ್ಲಿ ಪ್ರಕಟಿಸಿದ ಪ್ರವಾಸಕಥನದಲ್ಲಿ ಬರುತ್ತದೆ. ಹದಿನೆಂಟು ತಂತಿಗಳ ದೊಡ್ಡ ವಾದ್ಯವೆಂದು ಆತ ಅದನ್ನು ಗುರುತಿಸಿದ್ದಾನೆ. ಜಾಲಿಗಳ ಐತಿಹ್ಯದ ಪ್ರಕಾರ ಕೋರಾ ಇಂದಿನ ಗಿನಿ-ಬಿಸ್ಸಾವ್ ಪ್ರದೇಶದ ಕಾಬು ರಾಜ್ಯದಲ್ಲಿ ಜಿನ್ ಎಂಬ ಅಗೋಚರ ಶಕ್ತಿಯಿಂದ ದೊರೆತದ್ದು. ಕಲಿಯುವ ಮಕ್ಕಳಿಗೆ ಇಂದಿಗೂ ಮೊದಲು ಹೇಳಿಕೊಡುವುದು ಕೆಲೆಫಾ ಸಾನೆ ಎಂಬ ಯೋಧನ ನೆನಪಿನ ಕೃತಿಗಳನ್ನು. ಅವನ ಜಾಲಿಯೇ ಮೊದಲು ಕೋರಾ ನುಡಿಸಿದವನೆಂಬ ನಂಬಿಕೆಯಿದೆ. ನಮ್ಮ ಮಕ್ಕಳು ಪುರಂದರದಾಸರ ಪಿಳ್ಳಾರಿ ಗೀತೆಗಳಿಂದ ಆರಂಭಿಸುವಂತೆ ಅಲ್ಲಿಯ ಮಕ್ಕಳು ಯುದ್ಧದಲ್ಲಿ ಮಡಿದ ಒಬ್ಬ ಯೋಧನ ಹೆಸರಿನಿಂದ ಆರಂಭಿಸುತ್ತಾರೆ.

ಹಾಡಿದಾಗ ಜಾಲಿಯ ದನಿಗೆ ಎರಡು ನಡೆಗಳಿವೆ. ಗೊತ್ತಾದ ಪಲ್ಲವಿಯಂಥ ಹಾಡಿಗೆ ಡಾಂಕಿಲೊ ಎನ್ನುತ್ತಾರೆ. ಇನ್ನೊಂದು ಸತಾರೊ, ಅಲ್ಲಿಯೇ ಆ ಕ್ಷಣದಲ್ಲಿಯೇ ಕಟ್ಟಿ ಹೇಳುವ ವಾಚನ. ತಾರಸ್ಥಾಯಿಯಲ್ಲಿ ಎತ್ತಿ ಆರಂಭಿಸಿ, ಒಂದೇ ಉಸಿರಿನಲ್ಲಿ ಹೆಸರುಗಳನ್ನೂ ಗಾದೆಗಳನ್ನೂ ಸುರಿಸುತ್ತ ಕೆಳಗಿಳಿದು ನಿಲ್ಲುವ ಧಾಟಿ ಅದರದು. ಈಗ ನೀವು ಕೇಳಿದ ಆ ವಾದ್ಯಸಂಗೀತವನ್ನು ಮತ್ತೊಮ್ಮೆ ನೆನಪಿಗೆ ತಂದುಕೊಳ್ಳಿ. ಮೇಲೆ ಒಂದು ಸ್ವರವನ್ನು ಎರಡು ಮೂರು ಸಲ ಗಟ್ಟಿಯಾಗಿ ಮೀಟಿ, ಕ್ಷಣ ತಡೆದು, ಅಲ್ಲಿಂದ ಬಿರಿಮಿಂಟಿಂಗೊ ಕೆಳಗಿಳಿಯುತ್ತದೆ. ಅದು ಸತಾರೊದ ನಡೆ. ತಂತಿ ಗಂಟಲನ್ನು ಅನುಸರಿಸುತ್ತಿದೆ. ಆದ್ದರಿಂದಲೇ ಯಾರೋ ಕರೆದಂತೆ, ಏನೋ ಹೇಳಿ ಸುಮ್ಮನಾದಂತೆ ನಮಗೆ ಕೇಳಿಸುತ್ತದೆ. ಮಾಂಡಿಂಕಾ ಕೇಳುಗನಿಗಾದರೋ ಕುಂಬೆಂಗೊ ಕಿವಿಗೆ ಬಿದ್ದೊಡನೆ ಕೃತಿ ಯಾವುದೆಂದು ತಿಳಿಯುತ್ತದೆ, ಕೃತಿ ತಿಳಿದೊಡನೆ ಅದು ಯಾರದೆಂದು ನೆನಪಾಗುತ್ತದೆ. ಹಾಡಿರದ ಮಾತುಗಳು ಅವನೊಳಗೆ ತಾವಾಗಿ ನಡೆಯತೊಡಗುತ್ತವೆ.

ಎರಡು ಕೃತಿಗಳನ್ನು ಉದಾಹರಿಸುತ್ತೇನೆ. ಮೊದಲನೆಯದು ಚೆಡ್ಡೊ. 1860ರ ದಶಕದಲ್ಲಿ ಪಶ್ಚಿಮ ಆಫ್ರಿಕಾದ ಇನ್ನೊಂದು ಜನಾಂಗವಾದ ಫುಲಾನಿಗಳ ಸೈನ್ಯ ಕಾಬು ರಾಜ್ಯದ ರಾಜಧಾನಿ ಕಾನ್ಸಾಲಾವನ್ನು ಮುತ್ತಿತು. ಸೋಲು ಖಚಿತವಾದಾಗ ರಾಜ ಜಾಂಕೆ ವಾಲಿ ಕೋಟೆಯ ಮದ್ದಿನ ಮನೆಗೆ ಬೆಂಕಿಯಿಟ್ಟು ತನ್ನವರೊಡನೆ, ಒಳನುಗ್ಗಿದ ಶತ್ರುಗಳೊಡನೆ ನಾಶವಾದ. ಆ ಸರ್ವನಾಶವನ್ನು ನೆನೆಯುವ ಕೃತಿ ಅದು. ಕೋರಾ ಹುಟ್ಟಿದ ನೆಲವೆಂದು ನಂಬಿರುವ ರಾಜ್ಯದ ಅಂತ್ಯವನ್ನು ಕೋರಾವೇ ಹೇಳುವಾಗ ಅದರ ಕುಂಬೆಂಗೊದಲ್ಲಿ ಅಬ್ಬರವಿರುವುದಿಲ್ಲ. ಮಂದ್ರದ ಸ್ವರಗಳು ಆತುರವಿಲ್ಲದೆ, ನಡೆದುಹೋದದ್ದನ್ನು ಇನ್ನು ಬದಲಿಸಲಾಗದು ಎಂಬಂತೆ ಬರುತ್ತವೆ.

ಎರಡನೆಯದು ಮಾಲಿ ಸಾಜೊ, ನನಗೆ ಬಹಳ ಪ್ರಿಯವಾದದ್ದು. ಮಾಲಿಯ ಪಶ್ಚಿಮದಲ್ಲಿ ಬಾಫಿಂಗ್ ಮತ್ತು ಬಾಕೊಯೆ ನದಿಗಳು ಕೂಡಿ ಸೆನೆಗಲ್ ನದಿಯಾಗುವ ಜಾಗದಲ್ಲಿ ಬಾಫುಲಾಬೆ ಎಂಬ ಊರಿದೆ; ಆ ಹೆಸರಿನ ಅರ್ಥವೇ ಎರಡು ಹೊಳೆ ಕೂಡುವ ತಾಣ. ಅಲ್ಲಿಯ ನೀರಾನೆಯೊಂದಕ್ಕೂ ಊರಿನ ಹುಡುಗಿಯೊಬ್ಬಳಿಗೂ ಸ್ನೇಹ ಬೆಳೆಯಿತಂತೆ. ಬೇಟೆಗಾರನೊಬ್ಬ ಆ ನೀರಾನೆಯನ್ನು ಕೊಂದ. ಕಥೆಯ ಪಾಠಾಂತರಗಳು ಹಲವು, ಕೆಲವದರಲ್ಲಿ ಕೊಂದವನು ಫ್ರೆಂಚ್ ಅಧಿಕಾರಿ. ರಾಜನನ್ನೂ ಯೋಧನನ್ನೂ ಹೊಗಳುವ ಪರಂಪರೆಯ ಜಾಲಿಗಳು ಒಂದು ಮೂಕಪ್ರಾಣಿಗಾಗಿ ಇಷ್ಟು ಮಿದುವಾದ ಹಾಡನ್ನು ಇಟ್ಟುಕೊಂಡಿದ್ದಾರೆ. ಅದನ್ನು ಕೇಳಿದಾಗಲೆಲ್ಲ ನನಗೆ ಕಥೆಗಿಂತ ಹೆಚ್ಚಾಗಿ ಆ ಎರಡು ಹೊಳೆಗಳು ಕಣ್ಣಿಗೆ ಬರುತ್ತವೆ, ಎಡ ಬಲದ ತಂತಿಗಳು ಹಾಗೆಯೇ ಬಂದು ಕೂಡುವುದರಿಂದ ಇರಬಹುದು.

ಇವೆರಡನ್ನೇ ಹೇಳಿ ನಿಲ್ಲಿಸಿದರೆ ಕೋರಾ ದುಃಖದ್ದೇ ಎಂದು ನೀವು ತೀರ್ಮಾನಿಸಬಹುದು. ಜರಾಬಿ ಎಂಬುದು ಪ್ರೇಮದ ಕೃತಿ. ಕೈರಾ ಎಂದರೆ ನೆಮ್ಮದಿ, ಶಾಂತಿ. 1940ರ ದಶಕದಲ್ಲಿ ಫ್ರೆಂಚ್ ಆಡಳಿತವನ್ನು ವಿರೋಧಿಸಿದ ಯುವಜನರ ಚಳವಳಿಯೊಂದಿಗೆ ಆ ಹೆಸರು ಬೆಸೆದುಕೊಂಡಿದೆ, ಅದರೊಡನೆ ತುಮಾನಿಯವರ ತಂದೆ ಸಿದಿಕಿ ದಿಯಾಬಾತೆಯವರ ಹೆಸರೂ ಕೂಡಿಕೊಂಡಿದೆ. ಲಾಂಬಾನ್ ಜಾಲಿಗಳು ತಮಗಾಗಿಯೇ ಇಟ್ಟುಕೊಂಡ ಸಂತೋಷದ ಕೃತಿ. ಬೇರೆಯವರನ್ನು ಹೊಗಳುತ್ತಲೇ ಬಾಳುವವರು ಅದರಲ್ಲಿ ತಮ್ಮ ಜಾಲಿತನವನ್ನೇ ಕೊಂಡಾಡಿಕೊಳ್ಳುತ್ತಾರೆ, ಹೆಂಗಸರು ಅದಕ್ಕೆ ಕುಣಿಯುತ್ತಾರೆ. ಸಂತೋಷದಲ್ಲೂ ಕೋರಾದ ತಂತಿ ಮೀಟಿದೊಡನೆ ಆರತೊಡಗುವುದು ತಪ್ಪದು. ಆದ್ದರಿಂದ ಅದರ ನಗುವಿನಲ್ಲಿ ಯಾವಾಗಲೂ ಸ್ವಲ್ಪ ಬೀಳ್ಕೊಡುಗೆಯಿರುತ್ತದೆ ಎಂದರೆ ನೀವು ಒಪ್ಪುವಿರೆಂದು ಭಾವಿಸುತ್ತೇನೆ.

ತುಮಾನಿಯವರ ಬಗ್ಗೆ ಪ್ರತ್ಯೇಕವಾಗಿ ಹೇಳಬೇಕು. 1965ರಲ್ಲಿ ಹುಟ್ಟಿದ ಅವರು ತಮ್ಮ ವಂಶದಲ್ಲಿ ಎಪ್ಪತ್ತೊಂದು ತಲೆಮಾರುಗಳಿಂದ ಜಾಲಿತನ ನಡೆದುಬಂದಿದೆ ಎನ್ನುತ್ತಿದ್ದರು. ಹಾಗಿದ್ದೂ ತಂದೆ ಅವರನ್ನು ಎದುರಿಗೆ ಕೂರಿಸಿಕೊಂಡು ಪಾಠ ಹೇಳಲಿಲ್ಲ. ಮನೆಯಲ್ಲಿ ನಡೆಯುತ್ತಿದ್ದ ವಾದನವನ್ನು ಕೇಳಿ ಕೇಳಿಯೇ ಅವರು ಕಲಿತರು. 1970ರಲ್ಲಿ ಸಿದಿಕಿ ದಿಯಾಬಾತೆ, ಜೆಲಿಮಾದಿ ಸಿಸ್ಸೊಕೊ ಮೊದಲಾದ ಹಿರಿಯರು ಸೇರಿ ನುಡಿಸಿದ ಧ್ವನಿಮುದ್ರಿಕೆಯೊಂದು ಹೊರಬಂದಿತ್ತು. ಹಾಡಿನ ಹಿಂದೆ ನಿಲ್ಲುತ್ತಿದ್ದ ವಾದ್ಯ ಒಂಟಿಯಾಗಿಯೂ ಸಭೆಯನ್ನು ಹಿಡಿದು ಕೂರಿಸಬಲ್ಲದೆಂದು ಅದು ತೋರಿಸಿಕೊಟ್ಟಿತು. ಆ ದಾರಿಯನ್ನು ತುಮಾನಿ 1988ರಲ್ಲಿ ಪ್ರಕಟವಾದ ಕೈರಾ ಎಂಬ ಧ್ವನಿಮುದ್ರಿಕೆಯಲ್ಲಿ ಇನ್ನೂ ಮುಂದಕ್ಕೆ ಒಯ್ದರು. ಅದರಲ್ಲಿರುವುದು ಒಬ್ಬರೇ ವಾದಕರು, ಒಂದೇ ಕೋರಾ, ಒಂದರ ಮೇಲೊಂದು ದನಿ ಸೇರಿಸಿದ್ದಿಲ್ಲ. ಮೊದಲ ಸಲ ಕೇಳುವವರು ಮೂವರು ನುಡಿಸುತ್ತಿದ್ದಾರೆಂದೇ ತಿಳಿಯುತ್ತಾರೆ. ಗಿಟಾರ್ ವಾದಕ ಅಲಿ ಫರ್ಕಾ ತುರೆಯವರೊಡನೆ ಅವರು ನುಡಿಸಿದ್ದು ಮುಂದೆ ಗ್ರ್ಯಾಮಿ ಪ್ರಶಸ್ತಿಯನ್ನೂ ಪಡೆಯಿತು. 2024ರ ಜುಲೈ 19ರಂದು, ಐವತ್ತೆಂಟನೆಯ ವಯಸ್ಸಿನಲ್ಲಿ ತುಮಾನಿ ತೀರಿಕೊಂಡರು. ಅವರ ಮಗ, ಅಜ್ಜನ ಹೆಸರನ್ನೇ ಹೊತ್ತ ಸಿದಿಕಿ, ಕೋರಾ ವಾದಕರು.

ಒಂದು ಕೊರತೆಯನ್ನೂ ಹೇಳದಿರಲಾರೆ. ಜಾಲಿ ಮನೆತನದ ಹೆಣ್ಣುಮಕ್ಕಳು ದೊಡ್ಡ ಗಾಯಕಿಯರಾಗಿ ಮೆರೆದಿದ್ದಾರೆ, ಆದರೆ ಕೋರಾ ತಲೆಮಾರುಗಳ ಕಾಲ ಗಂಡಸರ ಕೈಯಲ್ಲೇ ಉಳಿಯಿತು. ಗ್ಯಾಂಬಿಯಾದ ಹಿರಿಯ ವಾದಕ ಅಮಾದು ಬಾನ್ಸಾಂಗ್ ಜೊಬಾರ್ತೆಯವರ ಮೊಮ್ಮಗಳು, 1983ರಲ್ಲಿ ಲಂಡನ್ನಿನಲ್ಲಿ ಹುಟ್ಟಿದ ಸೋನಾ ಜೊಬಾರ್ತೆ ಆ ಕಟ್ಟನ್ನು ದಾಟಿ ಕೋರಾ ವಾದಕಿಯಾಗಿ ಜಗತ್ತಿಗೆ ಪರಿಚಿತರಾದರು. ಗ್ಯಾಂಬಿಯಾದಲ್ಲಿ ಶಾಲೆಯೊಂದನ್ನೂ ಸ್ಥಾಪಿಸಿದ್ದಾರೆ. ಅವರ ಕೈಯಲ್ಲಿ ಕೋರಾ ಮತ್ತು ಹಾಡು ಒಂದೇ ದೇಹದಿಂದ ಹೊರಡುವುದನ್ನು ನೀವು ತಪ್ಪದೆ ಕೇಳಬೇಕು.

ಕೇಳುವ ಬಗೆಯನ್ನು ಕೇಳಿದ್ದೀರಿ. ತಂಬೂರಿ ಹಾಕಿಕೊಂಡು ಕೇಳಬೇಡಿ. ಕೋರಾದಲ್ಲಿ ಆಧಾರಷಡ್ಜವನ್ನು ಹೊರಗಿನಿಂದ ಕೊಡುವ ಅಗತ್ಯವಿಲ್ಲ, ಅದು ಮಂದ್ರದ ತಂತಿಗಳಲ್ಲಿಯೇ ಬಂದು ಹೋಗುತ್ತಿರುತ್ತದೆ. ರಾಗವನ್ನು ಗುರುತಿಸುವ ಪ್ರಯತ್ನವನ್ನು ಮೊದಲ ಕೆಲವು ದಿನ ಬಿಟ್ಟುಬಿಡಿ. ಒಂದೇ ಕೃತಿಯನ್ನು ಮೂರು ಸಲ ಕೇಳಿ. ಮೊದಲ ಸಲ ಹೆಬ್ಬೆರಳುಗಳನ್ನು ಮಾತ್ರ ಹಿಂಬಾಲಿಸಿ. ಆವರ್ತ ಎಲ್ಲಿ ಆರಂಭವಾಗಿ ಎಲ್ಲಿ ಮುಗಿಯುತ್ತದೆಂದು ಕೈಯಲ್ಲಿ ಎಣಿಸಿಕೊಳ್ಳಿ. ಎರಡನೆಯ ಸಲ ಆ ಎಣಿಕೆಯನ್ನು ಬಿಡದೆ, ಬಿರಿಮಿಂಟಿಂಗೊ ಎಷ್ಟು ಆವರ್ತಗಳನ್ನು ದಾಟಿ ಮನೆಗೆ ಬರುತ್ತದೆಂದು ಕಾಯಿರಿ. ಮೂರನೆಯ ಸಲ ಎಣಿಕೆ ಬೇಡ. ಇದಾದ ಮೇಲೆ ಹಾಡಿರುವ ಕೋರಾವನ್ನು, ಸಾಧ್ಯವಾದರೆ ಹಳ್ಳಿಯ ಅಂಗಳದಲ್ಲಿ ಮುದ್ರಿಸಿದ್ದನ್ನು ಕೇಳಿ. ಅಲ್ಲಿ ಮಕ್ಕಳ ಗದ್ದಲವಿರುತ್ತದೆ, ನಡುವೆ ಯಾರೋ ಹೌದೆಂದು ಕೂಗುತ್ತಾರೆ, ತಗಡು ಜಿರ್ ಎನ್ನುತ್ತದೆ. ವಾದ್ಯದ ನಿಜವಾದ ಮನೆ ಅದು.

ಒಂದೇ ಒಂದು ಧ್ವನಿಮುದ್ರಿಕೆಯನ್ನು ಹೆಸರಿಸಿ ಎಂದರೆ, ತುಮಾನಿ ಮತ್ತು ಬಲಾಕೆ ಸಿಸ್ಸೊಕೊ ಇಬ್ಬರೂ ಕೂಡಿ ನುಡಿಸಿದ, 1999ರಲ್ಲಿ ಹೊರಬಂದ ನ್ಯೂ ಏನ್ಷಿಯಂಟ್ ಸ್ಟ್ರಿಂಗ್ಸ್ ಅನ್ನು ಹೇಳುತ್ತೇನೆ. 1970ರಲ್ಲಿ ಜೊತೆಯಾಗಿ ನುಡಿಸಿದ್ದ ಸಿದಿಕಿ ಮತ್ತು ಜೆಲಿಮಾದಿಯವರ ಮಕ್ಕಳು ಇವರು. ಮಾಲಿಯ ರಾಜಧಾನಿ ಬಮಾಕೊ ನಗರದಲ್ಲಿ ಅಕ್ಕಪಕ್ಕದ ಮನೆಗಳಲ್ಲಿ ಬೆಳೆದವರು. 1997ರ ಸೆಪ್ಟೆಂಬರ್ 22, ಮಾಲಿಯ ಸ್ವಾತಂತ್ರ್ಯದ ದಿನ, ರಾತ್ರಿ ಬಮಾಕೊದ ಸಭಾಭವನವೊಂದರ ಅಮೃತಶಿಲೆಯ ಆವರಣದಲ್ಲಿ ಅದನ್ನು ಮುದ್ರಿಸಿದರು. ರಾತ್ರಿ ಮನೆಯವರೆಲ್ಲ ಮಲಗಿದ ಮೇಲೆ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಅದನ್ನು ಕೇಳಿ. ಕೆಲವು ಹೊತ್ತಿನ ನಂತರ ಯಾವ ತಂತಿ ಯಾರದೆಂದು ಹೇಳಲಾಗದಷ್ಟು ಇಬ್ಬರೂ ಬೆರೆತುಹೋಗುತ್ತಾರೆ, ಮತ್ತೆ ಒಬ್ಬರು ಕುಂಬೆಂಗೊವನ್ನು ಹಿಡಿದು ನಿಂತು ಇನ್ನೊಬ್ಬರಿಗೆ ಓಡಲು ದಾರಿ ಬಿಡುತ್ತಾರೆ. ಕೃತಿ ಮುಗಿದ ಕೂಡಲೇ ಮುಂದಿನದಕ್ಕೆ ಹೋಗಬೇಡಿ. ಕೊನೆಯ ಮಂದ್ರದ ತಂತಿ ಆ ಕಲ್ಲಿನ ಆವರಣದಲ್ಲಿ ಪೂರ್ತಿ ಆರುವವರೆಗೆ ಕಾಯಿರಿ.